ಪ್ರತಿ ವರ್ಷ ಅದೇ ಸಿನಿಮಾ

ಡಿಸೆಂಬರ್ 24ರ ಮಧ್ಯಾಹ್ನ ಮೂರು ಗಂಟೆಗೆ ಸ್ವೀಡನ್ನಿನ ಮನೆಗಳಲ್ಲಿ ಅಡುಗೆ, ಉಡುಗೊರೆ, ಫೋನಿನ ಮಾತು ಎಲ್ಲವೂ ಬದಿಗೆ ಸರಿಯುತ್ತವೆ. ಡಿಸ್ನಿಯ ಹಳೆಯ ಕಾರ್ಟೂನುಗಳ ತುಣುಕುಗಳನ್ನು ಪೋಣಿಸಿದ ಸುಮಾರು ಒಂದು ಗಂಟೆಯ ಕಾರ್ಯಕ್ರಮ ಆ ಹೊತ್ತಿಗೆ ಅಲ್ಲಿನ ಸಾರ್ವಜನಿಕ ಟಿವಿಯಲ್ಲಿ ಶುರುವಾಗುತ್ತದೆ. 1960ರಿಂದ ಇದು ನಡೆದುಬಂದಿದೆ. ಡೊನಾಲ್ಡ್ ಡಕ್‌ನನ್ನು ಸ್ವೀಡನ್ನಿನವರು ಕಾಲೆ ಆಂಕಾ ಎನ್ನುತ್ತಾರೆ; ಕಾರ್ಯಕ್ರಮಕ್ಕೂ ಜನರ ಬಾಯಲ್ಲಿ ಅದೇ ಹೆಸರು. ಸುಮಾರು 1 ಕೋಟಿ ಜನರ ಆ ದೇಶದಲ್ಲಿ ಎಷ್ಟೋ ವರ್ಷ 30 ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ನೋಡಿದ್ದಾರೆ. ಹಬ್ಬದೂಟ ಇದಕ್ಕೆ ಮೊದಲೋ ಆಮೇಲೋ, ಉಡುಗೊರೆ ಬಿಚ್ಚುವುದು ಯಾವಾಗ ಎಂಬುದನ್ನೆಲ್ಲ ಮನೆಯವರು ಈ ಒಂದು ಗಂಟೆಯ ಸುತ್ತ ಹೊಂದಿಸಿಕೊಳ್ಳುತ್ತಾರೆ. ಆ ತುಣುಕುಗಳಲ್ಲಿ ಕ್ರಿಸ್‌ಮಸ್ಸಿಗೆ ಸಂಬಂಧಿಸಿದವು ಕೆಲವೇ. ಮಿಕ್ಕಿ ಮೌಸ್ ಗಾಡಿಮನೆ ಕಟ್ಟಿಕೊಂಡು ಪ್ರವಾಸ ಹೊರಡುವುದು, ಹೂವಿನ ವಾಸನೆ ನೋಡುತ್ತ ಕೂರುವ ಫರ್ಡಿನಾಂಡ್ ಎಂಬ ಗೂಳಿ, ಇವಕ್ಕೂ ಕ್ರಿಸ್ತನ ಜನನಕ್ಕೂ ಏನೇನೂ ನಂಟಿಲ್ಲ. ಆದರೂ 1982ರಲ್ಲಿ ಫರ್ಡಿನಾಂಡ್‌ನನ್ನು ತೆಗೆದು ಬೇರೆ ಕಾರ್ಟೂನು ಹಾಕಿದಾಗ ಜನ ಸಿಟ್ಟಾದರು. ಗೂಳಿ ವಾಪಸ್ ಬಂತು. ಹಬ್ಬದ ದಿನ ಮನೆಮಂದಿ ಒಟ್ಟಿಗೆ ಕೂತು ಅದೇ ಸಿನಿಮಾ ಮತ್ತೆ ನೋಡುವ ರೂಢಿಯನ್ನು ಸೋಮಾರಿತನವೆಂದೂ ಮಾರುಕಟ್ಟೆಯ ಹುನ್ನಾರವೆಂದೂ ತಳ್ಳಿಹಾಕುವವರು ಈ ಗೂಳಿಯ ಬಗ್ಗೆ ಸ್ವಲ್ಪ ಯೋಚಿಸಬೇಕು. ಅದನ್ನು ಹಬ್ಬಕ್ಕೆ ಸೇರಿಸಿದ್ದು ಡಿಸ್ನಿಯೂ ಅಲ್ಲ, ಚರ್ಚೂ ಅಲ್ಲ. ವರ್ಷಗಟ್ಟಲೆ ಅದರ ಮುಂದೆ ಕೂತ ಮನೆಗಳು ಸೇರಿಸಿದವು. ಕ್ರಿಸ್‌ಮಸ್ ಸಿನಿಮಾ ಎಂಬುದನ್ನು ಸ್ಟುಡಿಯೋಗಳು ತಯಾರಿಸುವುದಿಲ್ಲ, ನೋಡುವ ಮನೆಗಳು ತಯಾರಿಸುತ್ತವೆ, ಹಾಗಾಗಿಯೇ ಅದು ನಿಜವಾದ ಆಚರಣೆ ಎಂಬುದು ನನ್ನ ವಾದ.

ಇದಕ್ಕೆ ಅಮೆರಿಕದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ಗಿಂತ ದೊಡ್ಡ ಸಾಕ್ಷಿ ಬೇಡ. ಫಿಲಿಪ್ ವಾನ್ ಡೋರೆನ್ ಸ್ಟರ್ನ್ ಎಂಬ ಲೇಖಕ ಬರೆದ ಒಂದು ಸಣ್ಣ ಕಥೆಯನ್ನು ಯಾವ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ. 1943ರಲ್ಲಿ ಆತ ಅದನ್ನು ತಾನೇ 200 ಪುಟ್ಟ ಪುಸ್ತಿಕೆಗಳಾಗಿ ಅಚ್ಚುಹಾಕಿಸಿ ಗೆಳೆಯರಿಗೆ ಕ್ರಿಸ್‌ಮಸ್ ಶುಭಾಶಯವಾಗಿ ಕಳಿಸಿದ. ಅದು ಕೈಯಿಂದ ಕೈಗೆ ಹೋಗಿ ನಿರ್ದೇಶಕ ಫ್ರಾಂಕ್ ಕಾಪ್ರಾನ ಹತ್ತಿರ ಬಂತು. ಕಾಪ್ರಾ ಆಗಷ್ಟೇ ಯುದ್ಧದ ಕೆಲಸ ಮುಗಿಸಿ ಬಂದಿದ್ದ. ನಾಯಕ ಜೇಮ್ಸ್ ಸ್ಟೂವರ್ಟ್ ಬಾಂಬರ್ ವಿಮಾನ ಹಾರಿಸಿ ಮರಳಿದ್ದ. 1946ರ ಬೇಸಿಗೆಯ ಸೆಕೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ನೊರೆಯಿಂದ ಮಾಡಿದ ಹಿಮದ ನಡುವೆ ಚಿತ್ರೀಕರಣ ನಡೆಯಿತು. ಡಿಸೆಂಬರ್ 20ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ಚಿತ್ರ ಹಾಕಿದ ಹಣವನ್ನು ವಾಪಸ್ ತರಲಿಲ್ಲ. ಐದು ಆಸ್ಕರ್ ನಾಮನಿರ್ದೇಶನ ಸಿಕ್ಕರೂ ಆ ಐದರಲ್ಲಿ ಒಂದೂ ಗೆಲ್ಲಲಿಲ್ಲ. ಆ ಕೃತಕ ಹಿಮಕ್ಕೆ ಮಾತ್ರ ಬೇರೆಯಾಗಿ ತಾಂತ್ರಿಕ ಪ್ರಶಸ್ತಿಯೊಂದು ಬಂತು. ಸಿರಿವಂತ ಬ್ಯಾಂಕರ್ ಪಾಟರ್‌ನನ್ನು ಕೆಟ್ಟವನಾಗಿ ತೋರಿಸಿದ್ದಕ್ಕೆ ಎಫ್‌ಬಿಐ ತನ್ನ ಕಡತದಲ್ಲಿ ಈ ಚಿತ್ರದ ಮೇಲೆ ಕಮ್ಯುನಿಸ್ಟ್ ಅನುಮಾನವನ್ನೂ ಬರೆದಿಟ್ಟಿತು. ಕಾಪ್ರಾ ಕಟ್ಟಿದ್ದ ನಿರ್ಮಾಣ ಸಂಸ್ಥೆ ಬೇರೆಯವರ ಪಾಲಾಯಿತು. ಆಗಿನ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯವನ್ನು 28 ವರ್ಷ ತುಂಬುವಾಗ ನವೀಕರಿಸಬೇಕಿತ್ತು; 1974ರಲ್ಲಿ ಆ ಅರ್ಜಿಯನ್ನು ಯಾರೂ ಹಾಕಲಿಲ್ಲ. ಹೀಗೆ ವಾರಸುದಾರರಿಲ್ಲದ ಸರಕಾದ ಚಿತ್ರವನ್ನು ಊರೂರಿನ ಟಿವಿ ಕೇಂದ್ರಗಳು ಪುಕ್ಕಟೆಯಾಗಿ ಹಾಕತೊಡಗಿದವು. ಡಿಸೆಂಬರ್ ಬಂತೆಂದರೆ ಯಾವ ಚಾನೆಲ್ ತಿರುವಿದರೂ ಸೇತುವೆಯ ಮೇಲೆ ನಿಂತ ಚಿತ್ರದ ನಾಯಕ ಜಾರ್ಜ್ ಬೈಲಿ. 1993ರಲ್ಲಿ ಹಳೆಯ ಕಥೆಯ ಹಕ್ಕಿನ ಆಧಾರದ ಮೇಲೆ ಒಂದು ಕಂಪನಿ ಮತ್ತೆ ಒಡೆತನ ಸಾಧಿಸಿತು. 1994ರಿಂದ ಚಿತ್ರ ಎನ್‌ಬಿಸಿ ಒಂದರಲ್ಲೇ ಬರತೊಡಗಿತು. ಅಷ್ಟರಲ್ಲಿ ಒಂದಿಡೀ ಪೀಳಿಗೆ ಅದನ್ನು ತನ್ನದಾಗಿಸಿಕೊಂಡಿತ್ತು. ಬಿಡುಗಡೆಯಾದಾಗ ಪೋಸ್ಟರು, ಜಾಹೀರಾತು, ಸ್ಟುಡಿಯೋದ ಬಲ ಎಲ್ಲವೂ ಜೊತೆಗಿದ್ದವು, ಚಿತ್ರ ಬಿತ್ತು. ಬೆನ್ನಿಗೆ ಯಾರೂ ಇಲ್ಲದಾಗ ಎದ್ದು ನಿಂತಿತು.

ಟಿವಿ ಕೇಂದ್ರಗಳಿಗೆ ಅಗ್ಗದ ಸರಕು ಬೇಕಿತ್ತು, ಅಷ್ಟೇ ಎಂದು ಇದಕ್ಕೆ ಉತ್ತರ ಹೇಳಬಹುದು. ಅಗ್ಗದ ಸರಕೇನೋ ನಿಜ. ಆದರೆ ಹಕ್ಕು ಕಳೆದುಕೊಂಡ ಹಳೆಯ ಚಿತ್ರಗಳು ಅಮೆರಿಕದಲ್ಲಿ ಎಷ್ಟೋ ಇದ್ದವು. ಅವನ್ನೂ ಟಿವಿಯವರು ಹಾಕಿದರು, ಜನ ನೋಡಿ ಮರೆತರು. ಬಾಗಿಲು ತೆರೆದದ್ದು ಅಗ್ಗದ ಬೆಲೆ ಇರಬಹುದು, ಒಳಗೆ ಕರೆದು ಕೂರಿಸಿದ್ದು ಮನೆಯವರು. ಬೇರೆ ದೇಶಗಳ ಕಡೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ‘ಸಿಂಡ್ರೆಲಾಗೆ ಮೂರು ಕಾಯಿಗಳು’ ಎಂಬ 1973ರ ಚಿತ್ರವನ್ನು ಚೆಕೊಸ್ಲೊವಾಕಿಯಾ ಮತ್ತು ಪೂರ್ವ ಜರ್ಮನಿ ಜೊತೆಯಾಗಿ ನಿರ್ಮಿಸಿದವು. ನಿರ್ದೇಶಕ ವಾತ್ಸ್ಲಾವ್ ವೊರ್ಲಿಚೆಕ್. ಚಿತ್ರಕಥೆ ಬರೆದ ಫ್ರಾಂತಿಶೆಕ್ ಪಾವ್ಲಿಚೆಕ್ 1968ರ ನಂತರ ಸರ್ಕಾರದ ನಿಷೇಧಕ್ಕೆ ಒಳಗಾಗಿದ್ದರಿಂದ ಪರದೆಯ ಮೇಲೆ ಬೇರೆಯವರ ಹೆಸರು ಬಂತು. ಮೊದಲು ಬೇಸಿಗೆಯಲ್ಲಿ ತೆಗೆಯಬೇಕೆಂದಿದ್ದ ಚಿತ್ರವನ್ನು ಚಳಿಗಾಲದಲ್ಲಿ ತೆಗೆಯಬೇಕಾಯಿತು. ಅದರಿಂದ ಹಿಮದ ಮೇಲೆ ಕುದುರೆ ಓಡಿಸುವ, ಬಿಲ್ಲು ಹಿಡಿಯುವ ಸಿಂಡ್ರೆಲಾ ಹುಟ್ಟಿದಳು. ಕಥೆಯಲ್ಲಿ ಕ್ರಿಸ್‌ಮಸ್ ಇಲ್ಲವೇ ಇಲ್ಲ. ಆದರೂ ಚೆಕ್ ಮನೆಗಳಲ್ಲಿ, ಜರ್ಮನಿಯಲ್ಲಿ, ನಾರ್ವೆಯಲ್ಲಿ ಅದು ಕ್ರಿಸ್‌ಮಸ್ ಚಿತ್ರ. ನಾರ್ವೆಯಲ್ಲಂತೂ ರಾಜಕುಮಾರ, ಮಲತಾಯಿ, ಸಿಂಡ್ರೆಲಾ ಎಲ್ಲರ ಮಾತನ್ನೂ ಕ್ನೂಟ್ ರಿಸಾನ್ ಎಂಬ ಒಬ್ಬನೇ ಗಂಡಸು ತನ್ನ ದನಿಯಲ್ಲಿ ಓದಿ ಹೇಳುತ್ತಾನೆ, ಹಿಂದೆ ಚೆಕ್ ಮಾತುಗಳೂ ಕೇಳುತ್ತಿರುತ್ತವೆ. ಹೊಸಬರಿಗೆ ಇದು ವಿಚಿತ್ರ. ಅಲ್ಲಿನವರಿಗೆ ಆ ದನಿಯಿಲ್ಲದೆ ಹಬ್ಬವಿಲ್ಲ. ಇಟಲಿಯಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಟಿವಿಯಲ್ಲಿ ಬರುವುದು ‘ಟ್ರೇಡಿಂಗ್ ಪ್ಲೇಸಸ್’, ಸರಕುಪೇಟೆಯ ದಲ್ಲಾಳಿಗಳ ಮೇಲಿನ 1983ರ ಹಾಸ್ಯಚಿತ್ರ. ಪೋಲೆಂಡಿನಲ್ಲಿ ‘ಹೋಮ್ ಅಲೋನ್’. 2010ರಲ್ಲಿ ಅಲ್ಲಿನ ಪೊಲ್ಸಾಟ್ ವಾಹಿನಿ ಆ ವರ್ಷ ಅದನ್ನು ಹಾಕುವುದಿಲ್ಲ ಎಂಬ ಸುದ್ದಿ ಹಬ್ಬಿದಾಗ ಸಾವಿರಾರು ಜನ ಫೇಸ್‌ಬುಕ್ಕಿನಲ್ಲಿ ಪ್ರತಿಭಟಿಸಿದರು, ವಾಹಿನಿ ಮಣಿಯಿತು. ‘ಡೈ ಹಾರ್ಡ್’ 1988ರ ಜುಲೈ ತಿಂಗಳಲ್ಲಿ ಬಿಡುಗಡೆಯಾದ ಹೊಡೆದಾಟದ ಚಿತ್ರ. ಅದು ಕ್ರಿಸ್‌ಮಸ್ ಚಿತ್ರವೋ ಅಲ್ಲವೋ ಎಂದು ಅಮೆರಿಕದ ಮನೆಗಳಲ್ಲಿ ಇವತ್ತಿಗೂ ಜಗಳ. ಈ ಪಟ್ಟಿಯಲ್ಲಿ ಯಾವ ನಿರ್ಮಾಪಕನ ಯೋಜನೆಯೂ ಕಾಣುವುದಿಲ್ಲ.

ಹಬ್ಬಕ್ಕೆಂದೇ, ಕಂಪನಿಯ ದುಡ್ಡಿನಲ್ಲೇ ತಯಾರಾಗಿ ಉಳಿದುಕೊಂಡವೂ ಇವೆಯಲ್ಲ ಎಂದು ಕೇಳಿದರೆ, ಇವೆ. ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಅವುಗಳಲ್ಲಿ ಮುಖ್ಯವಾದದ್ದು. 1965ರ ಡಿಸೆಂಬರ್ 9ರಂದು ಸಿಬಿಎಸ್‌ನಲ್ಲಿ ಮೊದಲ ಬಾರಿ ಬಂದ ಈ ಅರ್ಧ ಗಂಟೆಯ ಕಾರ್ಟೂನಿನ ಪ್ರಾಯೋಜಕರು ಕೋಕಾ ಕೋಲಾ. ಆದರೆ ಒಳಗೆ ಏನಿತ್ತು ಎಂಬುದನ್ನು ನೋಡಬೇಕು. ಚಾರ್ಲಿ ಬ್ರೌನ್‌ನನ್ನು ಸೃಷ್ಟಿಸಿದ ಚಾರ್ಲ್ಸ್ ಶುಲ್ಜ್ ತನ್ನ ಪುಟ್ಟ ನಾಯಕನನ್ನು ಹಬ್ಬದ ಗದ್ದಲದ ನಡುವೆ ಮಂಕಾಗಿ ಕೂರಿಸಿದ. ಮಕ್ಕಳ ಪಾತ್ರಗಳಿಗೆ ನಿಜವಾದ ಮಕ್ಕಳಿಂದಲೇ ಮಾತಾಡಿಸಿದ. ಆಗಿನ ಟಿವಿ ಹಾಸ್ಯಗಳಲ್ಲಿ ಕಡ್ಡಾಯವೆಂಬಂತಿದ್ದ ಹಿನ್ನೆಲೆಯ ನಗೆಯನ್ನು ಬೇಡವೆಂದ. ಹಿನ್ನೆಲೆಗೆ ವಿನ್ಸ್ ಗ್ವಾರಾಲ್ಡಿಯ ಜಾಝ್. ಕೊನೆಯಲ್ಲಿ ಲೈನಸ್ ಎಂಬ ಹುಡುಗ ಖಾಲಿ ರಂಗದ ನಡುವೆ ನಿಂತು ಲೂಕನ ಸುವಾರ್ತೆಯ ಭಾಗವೊಂದನ್ನು ಸರಳವಾಗಿ ಹೇಳುತ್ತಾನೆ. ಇದನ್ನು ಮುಂಚಿತವಾಗಿ ನೋಡಿದ ವಾಹಿನಿಯ ಅಧಿಕಾರಿಗಳು ಸೋಲು ಖಚಿತ ಎಂದುಕೊಂಡರು. ಟಿವಿ ನೋಡುತ್ತಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅದನ್ನೇ ನೋಡಿದವು. ಅದು ಅಣಕಿಸಿದ್ದ ಅಲ್ಯೂಮಿನಿಯಂ ಕ್ರಿಸ್‌ಮಸ್ ಮರಗಳ ವ್ಯಾಪಾರ ಮುಂದಿನ ವರ್ಷಗಳಲ್ಲಿ ಇಳಿದುಹೋಯಿತು. ದುಡ್ಡು ಕೊಟ್ಟವರು ಹಬ್ಬದ ವ್ಯಾಪಾರೀಕರಣವನ್ನು ಪ್ರಶ್ನಿಸುವ ಕಥೆಯೊಂದಕ್ಕೆ ಪೋಷಕರಾದರು, ಮನೆಗಳು ಕಥೆಯನ್ನು ಇಟ್ಟುಕೊಂಡು ಜಾಹೀರಾತನ್ನು ಮರೆತವು. ಇದಕ್ಕೆ ತದ್ವಿರುದ್ಧವಾದ ಪ್ರಯೋಗವೂ ಅಮೆರಿಕದಲ್ಲಿ ನಡೆಯುತ್ತಿದೆ. ಹಾಲ್‌ಮಾರ್ಕ್ ಎಂಬ ವಾಹಿನಿ ಪ್ರತಿ ವರ್ಷ ಹತ್ತಾರು ಹೊಸ ಕ್ರಿಸ್‌ಮಸ್ ಚಿತ್ರಗಳನ್ನು ತೆಗೆದು ಅಕ್ಟೋಬರ್‌ನಿಂದಲೇ ಹಾಕುತ್ತದೆ. ಪಟ್ಟಣದ ಹುಡುಗಿ, ಹಳ್ಳಿಯ ಹುಡುಗ, ಮುಚ್ಚಿಹೋಗುತ್ತಿರುವ ಬೇಕರಿ, ಕೊನೆಗೊಂದು ಮುತ್ತು. ಅವುಗಳನ್ನು ಪ್ರೀತಿಯಿಂದ ನೋಡುವವರಿದ್ದಾರೆ, ದಣಿದ ಸಂಜೆಗೆ ಅವು ಕೊಡುವ ನೆಮ್ಮದಿಯನ್ನು ಹಗುರವಾಗಿ ಕಾಣಬಾರದು. ಆದರೆ ಅಲ್ಲಿ ಮತ್ತೆ ಮತ್ತೆ ಬರುವುದು ಅಚ್ಚು, ಚಿತ್ರವಲ್ಲ. ಮನೆಮಂದಿಯೆಲ್ಲ ಸೇರಿ ಇಪ್ಪತ್ತು ವರ್ಷ ನೋಡಿ ಬಾಯಿಪಾಠವಾದ ಚಿತ್ರವನ್ನು ಇಂಥ ಕಾರ್ಖಾನೆ ಸುಲಭಕ್ಕೆ ಕೊಡಲಾರದು, ಏಕೆಂದರೆ ಅದರ ವ್ಯವಹಾರ ನಡೆಯುವುದು ಹೋದ ವರ್ಷದ ಚಿತ್ರವನ್ನು ಹಿಂದಕ್ಕೆ ಸರಿಸಿ ಈ ವರ್ಷದ್ದನ್ನು ಮುಂದಿಡುವುದರಲ್ಲಿ.

ಹೆಚ್ಚು ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ವರ್ಷಕ್ಕೊಮ್ಮೆ ಕೂಡುವ ಅಜ್ಜಿ, ಅಣ್ಣತಮ್ಮಂದಿರು, ಸೊಸೆ, ಮೊಮ್ಮಕ್ಕಳು ಎದುರುಬದುರು ಕೂತು ಮಾತಾಡುವುದು ಬಿಟ್ಟು ಒಂದು ಪರದೆಯ ಕಡೆ ಮುಖ ಮಾಡಿ ಸುಮ್ಮನೆ ಕೂರುವುದು ಕೂಡುವಿಕೆ ಹೇಗಾಗುತ್ತದೆ? ಹೊಸ ಸಿನಿಮಾದ ವಿಷಯದಲ್ಲಿ ಈ ಮಾತು ಪೂರ್ತಿ ಸರಿ. ಹೊಸದಕ್ಕೆ ಮೌನ ಬೇಕು; ಪಕ್ಕದವರು ಬಾಯಿ ತೆರೆದರೆ ಸಿಟ್ಟು ಬರುತ್ತದೆ, ಎದ್ದು ಹೋದವರಿಗೆ ಕಥೆ ತಪ್ಪುತ್ತದೆ. ಹತ್ತನೆಯ ಸಲ ನೋಡುವ ಚಿತ್ರ ಹಾಗಲ್ಲ. ಮುಂದೇನು ಎಂಬ ಆತಂಕ ಯಾರಿಗೂ ಇಲ್ಲದ್ದರಿಂದ ಗಮನದ ಅರ್ಧ ಭಾಗ ಬಿಡುವಾಗುತ್ತದೆ. ಆ ಬಿಡುವಿನಲ್ಲಿ ಮಾತು ಹುಟ್ಟುತ್ತದೆ. ಒಬ್ಬರು ಅಡುಗೆಮನೆಗೆ ಹೋಗಿ ಬರಬಹುದು, ಇನ್ನೊಬ್ಬರು ಸಂಭಾಷಣೆಯನ್ನು ಅರ್ಧ ಕ್ಷಣ ಮೊದಲೇ ಹೇಳಬಹುದು, ಹೊಸದಾಗಿ ಮನೆ ಸೇರಿದ ಅಳಿಯನಿಗೆ ಈಗ ನೋಡಿ ಎಂದು ತೋರಿಸಬಹುದು. ಗದುಗಿನ ಭಾರತದ ವಾಚನಕ್ಕೆ ಕೂತವರಿಗೆ ಕೀಚಕನ ಗತಿ ಏನೆಂದು ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಗಮಕಿ ಯಾವ ಪದವನ್ನು ಎಲ್ಲಿ ಎಳೆದ ಎಂದು ತಲೆದೂಗುವುದಕ್ಕೆ ಅವರಿಗೆ ವ್ಯವಧಾನ. ಕಥೆಯ ಕುತೂಹಲ ತೀರಿದ ಮೇಲೆಯೇ ಕಥೆಯೊಂದು ಸಮುದಾಯದ ಆಸ್ತಿಯಾಗುವುದು. ಮನೆಯ ಒಳಗೆ ಸಿನಿಮಾಕ್ಕೂ ಹೀಗೇ ಆಗುತ್ತದೆ. ಪರದೆಯೊಂದು ಜನರನ್ನು ಬೇರೆ ಮಾಡುತ್ತದೆ ಎಂದು ದೂರುವವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಮೊದಲ ನೋಟವನ್ನು. ಹಬ್ಬದ ಸಿನಿಮಾದ ಹುಟ್ಟೇ ಎರಡನೆಯ ನೋಟದಿಂದ.

ಮತ್ತೆ ನೋಡುವುದರಲ್ಲಿ ಇನ್ನೊಂದು ಲಾಭವಿದೆ, ಮತ್ತು ನನಗೆ ಇದು ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಚಿತ್ರ ಬದಲಾಗುವುದಿಲ್ಲ, ನೋಡುವವರು ಬದಲಾಗುತ್ತಾರೆ. ‘ಹೋಮ್ ಅಲೋನ್’ 1990ರಲ್ಲಿ ಬಂತು. ನಿರ್ದೇಶನ ಕ್ರಿಸ್ ಕೊಲಂಬಸ್, ಬರವಣಿಗೆ ಜಾನ್ ಹ್ಯೂಸ್. ಮನೆಮಂದಿಯೆಲ್ಲ ಪ್ಯಾರಿಸ್ಸಿಗೆ ಹೊರಟ ಗಡಿಬಿಡಿಯಲ್ಲಿ ಎಂಟು ವರ್ಷದ ಕೆವಿನ್ ಶಿಕಾಗೋ ಹತ್ತಿರದ ಮನೆಯಲ್ಲೇ ಉಳಿದುಬಿಡುತ್ತಾನೆ. ಅವನ ವಯಸ್ಸಿನ ಮಗುವಿಗೆ ಇದು ಕಳ್ಳರನ್ನು ಬೀಳಿಸುವ ಚಿತ್ರ: ಕಾದ ಬಾಗಿಲ ಹಿಡಿ, ತೂಗಿ ಬಂದು ಬಡಿಯುವ ಬಣ್ಣದ ಡಬ್ಬಿ, ನೆಲದ ಮೇಲೆ ಹರಡಿದ ಆಟದ ಕಾರುಗಳು. ಹದಿಹರೆಯದ ಅಕ್ಕನಿಗೆ ಕಾಣುವುದು ಒಬ್ಬನೇ ಮನೆಯಲ್ಲಿರುವ ಸ್ವಾತಂತ್ರ್ಯ. ಮಕ್ಕಳನ್ನು ಪಡೆದ ಮೇಲೆ ನೋಡಿದರೆ ಚಿತ್ರದ ನಾಯಕಿ ತಾಯಿ ಕೇಟ್. ವಿಮಾನ ನಿಲ್ದಾಣದಲ್ಲಿ ಆಭರಣ ಕೊಟ್ಟಾದರೂ ಟಿಕೆಟ್ ಕೊಡಿ ಎಂದು ಅಪರಿಚಿತರನ್ನು ಬೇಡುವವಳು, ಪೋಲ್ಕಾ ವಾದ್ಯದವರ ಬಾಡಿಗೆ ವ್ಯಾನಿನಲ್ಲಿ ರಾತ್ರಿಯಿಡೀ ಪಯಣಿಸಿ ಮನೆ ಮುಟ್ಟುವವಳು. ಇನ್ನೂ ವಯಸ್ಸಾದವರ ಕಣ್ಣು ಪಕ್ಕದ ಮನೆಯ ಮುದುಕ ಮಾರ್ಲಿಯ ಮೇಲೆ ನಿಲ್ಲುತ್ತದೆ: ಮಗನೊಂದಿಗೆ ಮಾತು ಬಿಟ್ಟು ವರ್ಷಗಳಾಗಿ, ಮೊಮ್ಮಗಳ ಹಾಡನ್ನು ಚರ್ಚಿನ ಬೆಂಚಿನಿಂದ ದೂರ ಕೂತು ಕೇಳುವವನು. ಒಂದೇ ಸೋಫಾದ ಮೇಲೆ ನಾಲ್ಕು ಚಿತ್ರಗಳು ನಡೆಯುತ್ತಿರುತ್ತವೆ. ಪ್ರತಿ ವರ್ಷ ನೋಡುವ ಮನೆಯಲ್ಲಿ ಒಬ್ಬೊಬ್ಬರೂ ಒಂದು ಚಿತ್ರದಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುತ್ತಾರೆ, ಆ ದಾಟುವಿಕೆ ಉಳಿದವರಿಗೂ ತಿಳಿಯುತ್ತದೆ. ಬೇರೆ ಯಾವ ಸಂದರ್ಭದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ತನ್ನ ತಾಯಿ ಯಾವ ದೃಶ್ಯಕ್ಕೆ ಕಣ್ಣೊರೆಸಿಕೊಂಡಳು ಎಂದು ಗಮನಿಸುತ್ತಾನೆ? ಪ್ಯಾರಿಸ್ಸಿನಲ್ಲಿ ಸಿಕ್ಕಿಕೊಂಡ ಕೆವಿನ್‌ನ ಬಂಧುಗಳು ಆ ಚಿತ್ರದೊಳಗೇ ಟಿವಿಯಲ್ಲಿ ನೋಡುತ್ತಿರುವುದು ಫ್ರೆಂಚ್ ಮಾತಾಡುವ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಅಲ್ಲಿಯೂ ಮನೆಯಿಂದ ದೂರವಾದವರು ಹಳೆಯ ಚಿತ್ರವನ್ನೇ ಹಾಕಿಕೊಂಡಿದ್ದಾರೆ.

ಧರ್ಮನಿಷ್ಠರ ಆಕ್ಷೇಪವನ್ನೂ ಗೌರವದಿಂದಲೇ ಎತ್ತಿಕೊಳ್ಳಬೇಕು. ಕ್ರಿಸ್ತನ ಜನನದ ಹಬ್ಬ ಕೆವಿನ್ ಮತ್ತು ಡೊನಾಲ್ಡ್ ಡಕ್‌ನ ಹಬ್ಬವಾದರೆ ಉಳಿದದ್ದೇನು ಎಂದು ಅವರು ಕೇಳುತ್ತಾರೆ. ಆದರೆ ಮನೆಯ ಕ್ರಿಸ್‌ಮಸ್ ಮತ್ತು ಚರ್ಚಿನ ಕ್ರಿಸ್‌ಮಸ್ ಯಾವತ್ತೂ ಪೂರ್ತಿ ಒಂದೇ ಆಗಿರಲಿಲ್ಲ. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕುತ್ತಿದ್ದರು, ಅದೂ ಧರ್ಮದ ಹೆಸರಿನಲ್ಲೇ. ಇವತ್ತು ಸಂಪ್ರದಾಯ ಎನಿಸುವ ಕೌಟುಂಬಿಕ ಕ್ರಿಸ್‌ಮಸ್ ಬಹುಪಾಲು 19ನೆಯ ಶತಮಾನದ ಕಟ್ಟಡ, ಅದಕ್ಕೆ ಕಲ್ಲು ಹೊತ್ತವರಲ್ಲಿ ಕಥೆಗಾರರು ಮುಂದಿದ್ದರು. ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ 1843ರ ಡಿಸೆಂಬರ್ 19ರಂದು ಹೊರಬಂತು. ಕ್ರಿಸ್‌ಮಸ್ ಹೊತ್ತಿಗೆ ಮೊದಲ ಮುದ್ರಣದ 6000 ಪ್ರತಿಗಳು ಮುಗಿದವು. 1853ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅವನು ಅದನ್ನು ಸಾರ್ವಜನಿಕವಾಗಿ ಓದಿದಾಗ ಕೂಲಿಕಾರರಿಗಾಗಿ ಕಡಿಮೆ ದರದ ಒಂದು ವಾಚನ ಇರಲೇಬೇಕೆಂದ. 1870ರ ವಿದಾಯದ ವಾಚನದಲ್ಲೂ ಅದನ್ನೇ ಓದಿದ. ಬೆಂಕಿಯ ಮುಂದೆ ಗಟ್ಟಿಯಾಗಿ ಓದುವ ಆ ರೂಢಿಯ ಜಾಗಕ್ಕೆ ಸಿನಿಮಾ ಬಂದಿದೆ. ಪ್ರಾರ್ಥನೆಯ ಜಾಗ ಬೇರೆ ಇದೆ. ಎರಡೂ ಒಟ್ಟಿಗೆ ಬಾಳಬಲ್ಲವು. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಗೋದಲಿ ಕಟ್ಟುವುದು, ನಡುರಾತ್ರಿಯ ಪೂಜೆ, ತಟ್ಟೆ ತುಂಬಿಸಿ ನೆರೆಮನೆಗೆ ಕಳಿಸುವ ಕುಸ್ವಾರ್, ಇವೆಲ್ಲವೂ ಇದ್ದು ಮಕ್ಕಳು ಮರುದಿನ ಸಿನಿಮಾ ಹಾಕಿಕೊಂಡರೆ ಯಾವುದೂ ಕಳೆದುಹೋಗುವುದಿಲ್ಲ. ಸಿನಿಮಾಕ್ಕೆ ಇನ್ನೂ ಒಂದು ಗುಣವಿದೆ: ಅದು ಬಾಗಿಲಲ್ಲಿ ಯಾರ ಮತವನ್ನೂ ಕೇಳುವುದಿಲ್ಲ. ಕಾಪ್ರಾ ಸಿಸಿಲಿಯಲ್ಲಿ ಹುಟ್ಟಿ 1903ರಲ್ಲಿ ಮಗುವಾಗಿ ಅಮೆರಿಕಕ್ಕೆ ಬಂದ ವಲಸಿಗ. ‘ವೈಟ್ ಕ್ರಿಸ್‌ಮಸ್’ ಹಾಡನ್ನು ಕಟ್ಟಿದ, ಅದೇ ಹೆಸರಿನ 1954ರ ಚಿತ್ರಕ್ಕೆ ಹಾಡುಗಳನ್ನು ಕೊಟ್ಟ ಇರ್ವಿಂಗ್ ಬರ್ಲಿನ್, ರಷ್ಯಾ ಸಾಮ್ರಾಜ್ಯದಿಂದ ಬಂದ ಯೆಹೂದಿ ಕುಟುಂಬದವನು. ಹೊರಗಿನಿಂದ ಬಂದವರೇ ಹೆಣೆದ ಈ ಕಥೆಗಳೊಳಗೆ ಹೊರಗಿನವರಿಗೆ ಜಾಗ ಇರುವುದು ಸಹಜ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗೂ ಡಿಸೆಂಬರ್ 25 ಎಲ್ಲರಿಗೂ ರಜೆಯಿರುವ, ಅಂಗಡಿಗಳು ಮುಚ್ಚಿರುವ ದಿನ. ಶಾಲೆಯಲ್ಲಿ ಜೊತೆಯವರು ಆಡುವ ಮಾತು ಆ ಮನೆಯ ಮಗುವಿಗೂ ಗೊತ್ತಿರಬೇಕಲ್ಲ. ಚರ್ಚಿಗೆ ಹೋಗದ ಮನೆಯೂ ಡಿಕನ್ಸ್‌ನ ಕಥೆಯ ಜಿಪುಣ ಸ್ಕ್ರೂಜ್‌ನ ಮನಸ್ಸು ಕರಗುವುದನ್ನು ಒಟ್ಟಿಗೆ ಕೂತು ನೋಡಬಹುದು.

ಸಂತೋಷದ ಒತ್ತಾಯ ಇಲ್ಲಿ ಜಾಸ್ತಿ, ನೊಂದವರಿಗೆ ಇದು ಗಾಯದ ಮೇಲೆ ಉಪ್ಪು ಎಂಬುದು ಇನ್ನೊಂದು ಮಾತು. ಹಬ್ಬದ ಜಾಹೀರಾತುಗಳ ಬಗ್ಗೆ ಇದು ಸತ್ಯ, ಉಳಿದು ಬಂದ ಚಿತ್ರಗಳ ಬಗ್ಗೆ ಅಲ್ಲ. ಅವುಗಳ ಒಳಗೆ ಎಷ್ಟು ಕತ್ತಲಿದೆ ಎಂಬುದನ್ನು ದೂರದಿಂದ ನೋಡುವವರು ಗಮನಿಸುವುದಿಲ್ಲ. ಜಾರ್ಜ್ ಬೈಲಿ ಸಾಲ ಮತ್ತು ಅವಮಾನ ತಡೆಯಲಾರದೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಸಾಯಲು ಹೊರಟವನು. ಅದಕ್ಕೆ ಮೊದಲು ಮನೆಗೆ ಬಂದು ಹೆಂಡತಿ ಮಕ್ಕಳ ಮೇಲೆ ಕೂಗಾಡುವ ದೃಶ್ಯ ಇವತ್ತಿಗೂ ನೋಡಲು ಕಷ್ಟ. ಬ್ರಿಟನ್ನಿನ ಮಕ್ಕಳು 1982ರಿಂದ ನೋಡುತ್ತಿರುವ, ರೇಮಂಡ್ ಬ್ರಿಗ್ಸ್‌ನ ಪುಸ್ತಕದಿಂದ ಮಾಡಿದ ‘ದ ಸ್ನೋಮ್ಯಾನ್’ನಲ್ಲಿ ಬೆಳಗಾದಾಗ ಹಿಮಮಾನವ ಕರಗಿಹೋಗಿರುತ್ತಾನೆ, ಮಗುವನ್ನು ಸಮಾಧಾನಪಡಿಸುವ ಒಂದು ದೃಶ್ಯವೂ ಆಮೇಲೆ ಇಲ್ಲ. 1992ರ ‘ದ ಮಪೆಟ್ ಕ್ರಿಸ್‌ಮಸ್ ಕ್ಯಾರಲ್’, ಮಪೆಟ್ ಬೊಂಬೆಗಳನ್ನು ಸೃಷ್ಟಿಸಿದ ಜಿಮ್ ಹೆನ್ಸನ್ 1990ರಲ್ಲಿ ತೀರಿಕೊಂಡ ನಂತರ ಬಂದ ಮೊದಲ ಮಪೆಟ್ ಸಿನಿಮಾ. ನಿರ್ದೇಶಿಸಿದವನು ಮಗ ಬ್ರಯನ್. ಅಪ್ಪ ದನಿ ಕೊಡುತ್ತಿದ್ದ ಕೆರ್ಮಿಟ್ ಎಂಬ ಕಪ್ಪೆಗೆ ಬೇರೊಬ್ಬ ದನಿ ಕೊಟ್ಟ, ಆ ಕಪ್ಪೆಯೇ ಇಲ್ಲಿ ಕಥೆಯ ಕಾಯಿಲೆಯ ಹುಡುಗ ಪುಟ್ಟ ಟಿಮ್‌ನ ತಂದೆ. ಸ್ಕ್ರೂಜ್ ಆಗಿ ಮೈಕೆಲ್ ಕೇನ್ ಬೊಂಬೆಗಳ ನಡುವೆ ಒಂದು ಸಲವೂ ತಮಾಷೆಗಿಳಿಯದೆ, ದೊಡ್ಡ ರಂಗಮಂದಿರದಲ್ಲಿ ಅಭಿನಯಿಸುವಂತೆ ಅಭಿನಯಿಸಿದ. ಊಟದ ಮೇಜಿನ ಬಳಿಯ ಖಾಲಿ ಕುರ್ಚಿಯನ್ನು ಸ್ಕ್ರೂಜ್‌ಗೆ ತೋರಿಸುವ ಕಥೆಯನ್ನು, ಹಾಗೆ ಒಬ್ಬನನ್ನು ಕಳೆದುಕೊಂಡ ತಂಡವೇ ಚಿತ್ರ ಮಾಡಿತು. ಮನೆಯಲ್ಲಿ ಒಬ್ಬರು ಇಲ್ಲವಾದ ವರ್ಷ ಅದೇ ಚಿತ್ರವನ್ನು ಹಾಕುವುದು ಕಠಿಣವಾದ ಕೆಲಸ. ಹಾಕದಿರುವ ಹಕ್ಕು ಆ ಮನೆಗೆ ಇದೆ. ಆದರೆ ಹಾಕಿದರೆ, ಇಲ್ಲವಾದವರು ಯಾವ ಮಾತಿಗೆ ನಗುತ್ತಿದ್ದರು ಎಂಬುದು ಎಲ್ಲರಿಗೂ ಒಟ್ಟಿಗೆ ನೆನಪಾಗುತ್ತದೆ, ಹೆಸರು ಹೇಳಲು ಹಿಂಜರಿಯುತ್ತಿದ್ದವರಿಗೂ ಮಾತು ಎತ್ತಲು ಒಂದು ದಾರಿ ಸಿಗುತ್ತದೆ.

ಹಳೆಯದನ್ನು ಪ್ರೀತಿಸುವವರು ಹಳೆಯ ತಪ್ಪುಗಳನ್ನೂ ಪ್ರೀತಿಸಬೇಕಾಗುತ್ತದೆಯೇ? ಇಲ್ಲ. ‘ವೈಟ್ ಕ್ರಿಸ್‌ಮಸ್’ ಹಾಡು ಸಿನಿಮಾದಲ್ಲಿ ಮೊದಲು ಬಂದ 1942ರ ‘ಹಾಲಿಡೇ ಇನ್’ ಚಿತ್ರದಲ್ಲಿ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುವ ಒಂದು ಹಾಡಿದೆ. ಎಷ್ಟೋ ಟಿವಿ ಪ್ರಸಾರಗಳಲ್ಲಿ ಅದನ್ನು ಕತ್ತರಿಸಿದ್ದಾರೆ. ಸ್ವೀಡನ್ನಿನ ಕಾರ್ಯಕ್ರಮದಿಂದಲೂ ಕರಿಯರನ್ನು ಗೇಲಿ ಮಾಡುವಂತಿದ್ದ ಬೊಂಬೆಯ ತುಣುಕನ್ನು 2012ರಲ್ಲಿ ತೆಗೆದರು. ಗದ್ದಲವಾಯಿತು, ಆಚರಣೆ ನಿಲ್ಲಲಿಲ್ಲ. ಅಷ್ಟನ್ನು ಕಳಚಿಕೊಳ್ಳುವ ಶಕ್ತಿ ಇಲ್ಲದ ರೂಢಿ ಉಳಿಯಲು ಯೋಗ್ಯವೂ ಅಲ್ಲ.

ನನಗೆ ನಿಜವಾದ ಭಯ ಇರುವುದು ಬೇರೆ ಕಡೆ. ಈ ಆಚರಣೆಗಳೆಲ್ಲ ಹುಟ್ಟಿದ್ದು ಕೊರತೆಯ ಕಾಲದಲ್ಲಿ. ಮನೆಗೆ ಒಂದು ಟಿವಿ, ಟಿವಿಗೆ ಬೆರಳೆಣಿಕೆಯ ವಾಹಿನಿ, ಚಿತ್ರಕ್ಕೆ ವರ್ಷದಲ್ಲಿ ಒಂದೇ ಗಳಿಗೆ. ತಪ್ಪಿದರೆ ಮುಂದಿನ ಡಿಸೆಂಬರ್. ಗಳಿಗೆಯನ್ನು ವಾಹಿನಿ ನಿಗದಿ ಮಾಡುತ್ತಿತ್ತು, ಮನೆ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ಈಗ ಎಲ್ಲ ಚಿತ್ರಗಳೂ ಎಲ್ಲ ದಿನವೂ ಎಲ್ಲರ ಕೈಯಲ್ಲೂ ಇವೆ. ಇಲ್ಲವೇ ಯಾವುದೋ ಚಂದಾದ ಬೇಲಿಯೊಳಗಿವೆ. ದಶಕಗಳ ಕಾಲ ಪುಕ್ಕಟೆ ಟಿವಿಯಲ್ಲಿ ಬಂದ ಚಾರ್ಲಿ ಬ್ರೌನ್ 2020ರಲ್ಲಿ ಆಪಲ್ ಕಂಪನಿಯ ಚಂದಾ ಸೇವೆಗೆ ಹೋದಾಗ ಅಮೆರಿಕದಲ್ಲಿ ಎದ್ದ ಆಕ್ಷೇಪ ಎಷ್ಟಿತ್ತೆಂದರೆ, ಆ ವರ್ಷವೂ ಮರುವರ್ಷವೂ ಅದನ್ನು ಪಿಬಿಎಸ್ ಎಂಬ ಸಾರ್ವಜನಿಕ ವಾಹಿನಿಯಲ್ಲಿ ತೋರಿಸಬೇಕಾಯಿತು. ಅನುಕೂಲ ಹೆಚ್ಚಿರುವಾಗ ಇಷ್ಟು ನೋವೇಕೆ ಎಂದು ಕೇಳುವವರಿಗೆ, ಜನ ಕಳೆದುಕೊಂಡದ್ದು ಕಾರ್ಟೂನನ್ನಲ್ಲ, ಎಲ್ಲರೂ ಏಕಕಾಲಕ್ಕೆ ನೋಡುತ್ತಿದ್ದೇವೆ ಎಂಬ ಅರಿವನ್ನು ಎಂದು ಹೇಳಬೇಕಾಗುತ್ತದೆ. ಆ ಗಡಿಯಾರವನ್ನು ವಾಹಿನಿಗಳು ಮತ್ತೆ ಕಟ್ಟಿಕೊಡುವ ಸೂಚನೆ ಇಲ್ಲ. ಇನ್ನು ಮೇಲೆ ಅದನ್ನು ಮನೆಗಳೇ ಕಟ್ಟಿಕೊಳ್ಳಬೇಕು: ಈ ಚಿತ್ರ, ಈ ದಿನ, ಈ ಹೊತ್ತು, ಫೋನುಗಳು ಇನ್ನೊಂದು ಕೋಣೆಯಲ್ಲಿ. ಇದು ಆಗುತ್ತದೆಯೇ ಎಂಬ ಅನುಮಾನಕ್ಕೆ ನಾರ್ವೆಯ ಉದಾಹರಣೆ ಧೈರ್ಯ ಕೊಡುತ್ತದೆ. 2021ರಲ್ಲಿ ಅಲ್ಲಿನವರು ಸಿಂಡ್ರೆಲಾ ಕಥೆಯನ್ನು ತಮ್ಮದೇ ನಟರೊಂದಿಗೆ, ತಮ್ಮದೇ ಭಾಷೆಯಲ್ಲಿ, ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೆಗೆದರು. ಆದರೂ ಒಬ್ಬನೇ ಎಲ್ಲರ ಮಾತು ಆಡುವ 1973ರ ಚಿತ್ರ ಡಿಸೆಂಬರ್ 24ರ ತನ್ನ ಜಾಗವನ್ನು ಬಿಟ್ಟುಕೊಡಲಿಲ್ಲ.

ಹೊಸದಾಗಿ ಈ ರೂಢಿ ಹಾಕಿಕೊಳ್ಳುವ ಮನೆ ಯಾವ ಚಿತ್ರ ಆರಿಸಬೇಕು ಎಂದರೆ, ಅತಿ ಸಿಹಿಯಾದದ್ದನ್ನು ಬಿಟ್ಟು, ಮಗುವಿಗೂ ಅಜ್ಜನಿಗೂ ಒಂದೊಂದು ಪಾತ್ರವಿರುವ, ಪೂರ್ತಿ ಬಗೆಹರಿಯದ ಏನೋ ಒಂದು ಉಳಿದಿರುವ ಚಿತ್ರವನ್ನು ಆರಿಸುವುದು ಒಳ್ಳೆಯದು. ಕಾಪ್ರಾನ ಚಿತ್ರದಲ್ಲಿ ಜಾರ್ಜ್‌ನ ಚಿಕ್ಕಪ್ಪ ಕಳೆದುಕೊಂಡ 8000 ಡಾಲರ್ ಪಾಟರ್‌ನ ಕೈಸೇರುತ್ತದೆ, ಅವನು ಅದನ್ನು ಬಾಯಿಬಿಡದೆ ಇಟ್ಟುಕೊಳ್ಳುತ್ತಾನೆ. ಊರವರು ತಮ್ಮ ತಮ್ಮ ಜೇಬಿನಿಂದ ಹಣ ತಂದು ಜಾರ್ಜ್‌ನನ್ನು ಉಳಿಸುತ್ತಾರೆ. ಪಾಟರ್‌ಗೆ ಮಾತ್ರ ಶಿಕ್ಷೆಯೂ ಆಗುವುದಿಲ್ಲ, ಹಣ ಎಲ್ಲಿ ಹೋಯಿತೆಂದು ಊರಿಗೆ ತಿಳಿಯುವುದೂ ಇಲ್ಲ. ಆ ಮುದುಕನನ್ನು ಪೊಲೀಸರು ಯಾಕೆ ಹಿಡಿಯಲಿಲ್ಲ ಎಂದು ಎಂಟು ವರ್ಷದ ಮಗು ಕೇಳಿಯೇ ಕೇಳುತ್ತದೆ. ಅದಕ್ಕೆ ಅಪ್ಪ ಒಂದು ಉತ್ತರ ಕೊಡುತ್ತಾನೆ, ಅಜ್ಜಿ ಒಪ್ಪುವುದಿಲ್ಲ, ಚಿತ್ರ ಮುಗಿದ ಮೇಲೂ ಮಾತು ನಡೆಯುತ್ತದೆ. ಹದಿನೆಂಟಾದಾಗ ಆ ಮಗುವಿನದೇ ಉತ್ತರ ಬೇರೆಯಾಗಿರುತ್ತದೆ.